ನಾಲ್ಕನೆಯ ಗುಂಡಿ

ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳು ಇನ್ನೊಮ್ಮೆ ನೋಡಿದಳು. ಕಾಲರಿನಿಂದ ಕೆಳಗೆ ಎಣಿಸಿದರೆ ನಾಲ್ಕನೆಯ ಗುಂಡಿ. ಬಿಳಿಯದು, ನಾಲ್ಕು ತೂತಿನದು, ಉಳಿದ ಆರರ ಹಾಗೆಯೇ ಇತ್ತು. ಯಾವ ಇನ್‌ಸ್ಪೆಕ್ಟರ್ ಬಂದು ಭೂತಗನ್ನಡಿ ಹಿಡಿದರೂ ಅದರಲ್ಲಿ ಊನ ಕಾಣುತ್ತಿರಲಿಲ್ಲ.

ಅವಳಿಗೆ ಕಂಡಿತು. ಅದನ್ನು ಹೊಲಿದ ದಾರ ಉಳಿದವುಗಳಿಗಿಂತ ಒಂದು ಕೂದಲೆಳೆಯಷ್ಟು ಗಾಢವಾದ ನೀಲಿ. ಮತ್ತು ಆ ಅಂಗಿಯನ್ನು ಹೊಲಿದವಳು ಅವಳೇ.

ಮಧುಚಂದ್ರಕ್ಕೆಂದು ಗಂಡನಿಗೆ ಆರು ಅಂಗಿ ಹೊಲಿದಿದ್ದಳು. ಅಕ್ಕತಂಗಿಯರ ಹೊಲಿಗೆ ಅಂಗಡಿಯಲ್ಲಿ ಮದುವೆಯ ಹಿಂದಿನ ವಾರವೆಲ್ಲ ಅದೇ ಕೆಲಸ. "ಒಂದನ್ನಾದ್ರೂ ನಾನು ಮುಗಿಸಿ ಕೊಡ್ತೀನಿ ಕಣೇ, ನಿನ್ನ ಕಣ್ಣು ನೋಡು ಹೇಗೆ ಕೆಂಪಾಗಿದೆ" ಎಂದು ಅಕ್ಕ ಗೋಗರೆದರೂ ಒಂದು ಗುಂಡಿಯನ್ನೂ ಮುಟ್ಟಗೊಟ್ಟಿರಲಿಲ್ಲ. ಗಂಡನ ಅಂಗಿಯ ಮೇಲೆ ಇನ್ನೊಬ್ಬರ ಸೂಜಿ ಆಡಬಾರದು ಎಂಬ ಹುಚ್ಚು ಹಟ. ಹೊಸ ಮದುಮಗಳ ಹಟವನ್ನು ಬಿಡಿಸುವವರು ಯಾರು?

ಮೊನ್ನೆ ಸಂಜೆ, ಅವರು ಮಧುಚಂದ್ರಕ್ಕೆ ಬಂದಿದ್ದ ದ್ವೀಪದಲ್ಲಿ, ನೀರಿನ ಮೇಲಿನ ಕೋಣೆಗಳಿಗೆ ಹೋಗುವ ಮರದ ಸೇತುವೆಯ ಕೆಳಗೆ ರೆಸಾರ್ಟಿನ ಫೋಟೋಗ್ರಾಫರನ ಹೆಣ ಸಿಕ್ಕಾಗ ಅವನ ಬಿಗಿಮುಷ್ಟಿಯಲ್ಲಿ ಇಂಥದೇ ಒಂದು ಬಿಳಿ ಗುಂಡಿ ಇತ್ತು.

ಇನ್‌ಸ್ಪೆಕ್ಟರ್ ಏನೂ ಕೈಕಟ್ಟಿ ಕೂತಿರಲಿಲ್ಲ. ದ್ವೀಪದಲ್ಲಿದ್ದ ಗಂಡಸರೆಲ್ಲರ ಅಂಗಿಗಳನ್ನೂ ತರಿಸಿ ಎಣಿಸಿದ್ದರು. ಅವಳ ಗಂಡನ ಆರು ಅಂಗಿಗಳಲ್ಲಿ ನಲವತ್ತೆರಡು ಗುಂಡಿಗಳು, ಎಲ್ಲವೂ ಹಾಜರ್. ದೋಣಿ ನಡೆಸುವ ಅಂಬಿಗನ ಸಮವಸ್ತ್ರದಲ್ಲಿ ಮಾತ್ರ ಎರಡು ಗುಂಡಿ ಇರಲಿಲ್ಲ. ಸತ್ತವನ ಕ್ಯಾಮೆರಾ ಬೇರೆ ಅವನ ದೋಣಿಯಲ್ಲೇ ಸಿಕ್ಕಿತು. ಇವತ್ತು ನಾಲ್ಕು ಗಂಟೆಯ ಲಾಂಚಿನಲ್ಲಿ ಅವನಿಗೆ ಕೋಳ ತೊಡಿಸಿ ಕರೆದೊಯ್ಯುವವರಿದ್ದರು.

ಗೋಡೆಯ ಗಡಿಯಾರ ಮೂರು ಹೊಡೆದು ಹತ್ತು ನಿಮಿಷ ತೋರಿಸುತ್ತಿತ್ತು.

ಅವಳ ಬೆರಳು ಅಂಗಿಯ ಕೆಳಮಡಿಕೆಗೆ ಇಳಿಯಿತು. ಎಡಪಕ್ಕದ ಹೊಲಿಗೆಯ ಒಳಗೆ ಒಂದು ಹೆಚ್ಚಿನ ಗುಂಡಿ ಹೊಲಿದಿಡುವುದು ಅವರ ಅಂಗಡಿಯ ಪದ್ಧತಿ. ಯಾವತ್ತಾದರೂ ಒಂದು ಕಿತ್ತುಹೋದರೆ ಗಿರಾಕಿ ಅದೇ ಬಣ್ಣದ ಗುಂಡಿಗಾಗಿ ಊರೆಲ್ಲ ಅಲೆಯಬಾರದು ಎಂದು. ಈಗ ಅಲ್ಲಿ ಗುಂಡಿ ಇರಲಿಲ್ಲ. ನಾಲ್ಕು ಸಣ್ಣ ಸೂಜಿತೂತು ಮಾತ್ರ ಇದ್ದವು.

ಅಷ್ಟರಲ್ಲಿ ಸ್ನಾನದ ಮನೆಯ ಬಾಗಿಲು ತೆರೆಯಿತು.

ತಲೆ ಒರೆಸಿಕೊಳ್ಳುತ್ತ ಗಂಡ ಹೊರಬಂದ. ಮದುವೆಗೆ ಮುಂಚೆ ಅವನು ಅಂಗಡಿಗೆ ದಾರದ ರೀಲು, ಗುಂಡಿ, ಜಿಪ್ಪು ಹಾಕುತ್ತಿದ್ದ ಏಜೆಂಟ್. ಮಾತಿನ ಮಲ್ಲ. ಅಕ್ಕತಂಗಿಯರು ಅವನಿಗಿಟ್ಟಿದ್ದ ಹೆಸರು ರೀಲುರಾಯ. ಈ ಸಂಬಂಧವನ್ನು ಕೂಡಿಸಿದವಳು ಅಕ್ಕನೇ. ತಾನು ಮದುವೆಯ ಗೋಜಿಗೇ ಹೋಗದೆ, ತಾಯಿಯಿಲ್ಲದ ತಂಗಿಯನ್ನು ಸಾಕಿ, ಕೈಹಿಡಿದು ಕಸುಬು ಕಲಿಸಿ, ಕಡೆಗೆ ಗಂಡನ್ನೂ ಹುಡುಕಿಕೊಟ್ಟವಳು.

"ಇದನ್ನ ಯಾಕೆ ಒಗೆಯೋ ಚೀಲಕ್ಕೆ ಹಾಕಿದ್ರಿ?" ಅವಳು ಕೇಳಿದಳು.

"ಬೆವರು ಕಣೇ. ಇಲ್ಲಿನ ಬಿಸಿಲು ನೋಡು ಹೇಗಿದೆ."

"ಹೋಟೆಲಿನವರ ಮಷೀನಿಗೆ ಕೊಡಬೇಡಿ, ಗುಂಡಿ ಒಡೆಯುತ್ತೆ, ನಾನೇ ಒಗೀತೀನಿ ಅಂದಿದ್ನಲ್ಲ."

"ಹನಿಮೂನಿಗೆ ಬಂದು ಬಟ್ಟೆ ಒಗೀತೀಯಾ? ಕೇಳಿದೋರು ನಗ್ತಾರೆ ಅಷ್ಟೆ."

ಅವನೇ ನಕ್ಕ. ಈ ನಗುವಿಗೆ ಸೋತೇ ಅವಳು ಹೂಂ ಅಂದದ್ದು. ಇವತ್ತು ಆ ನಗು ಅವಳನ್ನು ಮುಟ್ಟಲಿಲ್ಲ.

"ಒಳಗಿದ್ದ ಗುಂಡಿ ಎಲ್ಲಿ?"

"ಯಾವ ಒಳಗಿನ ಗುಂಡಿ?"

"ಬಂದ ದಿನ ಇದೇ ಮಂಚದ ಮೇಲೆ ಕೂತು ಮಡಿಕೆ ತಿರುಗಿಸಿ ತೋರಿಸಿದ್ನಲ್ಲ. ಕಳ್ಕೊಂಡ್ರೆ ಗಾಬರಿ ಬೀಳಬೇಡಿ, ಇನ್ನೊಂದು ಇಲ್ಲಿದೆ ಅಂತ."

ಟವೆಲ್ ಒಂದು ಕ್ಷಣ ಅವನ ತಲೆಯ ಮೇಲೆಯೇ ನಿಂತಿತು.

"ಓ, ಅದಾ. ಒಂದು ಕಿತ್ತುಹೋಗಿತ್ತು. ಅದಕ್ಕೇ ಅದನ್ನ ತೆಗೆದು ಹೊಲ್ಕೊಂಡೆ. ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಾದೆ."

"ಯಾವಾಗ ಕಿತ್ತುಹೋಯ್ತು?"

"ನೆನಪಿಲ್ಲ."

"ಮೊನ್ನೆ ಮಧ್ಯಾಹ್ನ ಊಟಕ್ಕೆ ಹೊರಟಾಗ ನಾನೇ ಗುಂಡಿ ಹಾಕಿದ್ದು. ಏಳೂ ಇತ್ತು."

"ಹಾಗಾದ್ರೆ ಆಮೇಲೆ ಹೋಗಿರಬೇಕು. ಇದೇನಿದು, ಆ ಇನ್‌ಸ್ಪೆಕ್ಟರ್‌ಗಿಂತ ನೀನೇ ಜೋರಾಗಿದ್ದೀಯಲ್ಲ."

"ಯಾವ ದಾರದಲ್ಲಿ ಹೊಲಿದ್ರಿ?"

"ಹೋಟೆಲಿನವರು ಡ್ರಾಯರಿನಲ್ಲಿ ಸೂಜಿದಾರ ಇಟ್ಟಿದ್ದಾರಲ್ಲ, ಅದರಲ್ಲಿ."

ಅವಳು ಡ್ರಾಯರ್ ಎಳೆದಳು. ಬೆರಳುದ್ದದ ಕಾಗದದ ಪೊಟ್ಟಣ, ಮೇಲೆ ರೆಸಾರ್ಟಿನ ಚಿಹ್ನೆ. ಬಾಯಿಗೆ ಹಚ್ಚಿದ ಅಂಟು ಹಾಗೆಯೇ ಇತ್ತು.

"ಇದನ್ನ ಯಾರೂ ಬಿಚ್ಚಿಲ್ಲ."

ಅವನು ಆಗಲೇ ಒಣಗಿದ್ದ ಮುಖವನ್ನು ಮತ್ತೆ ಒರೆಸಿಕೊಂಡ. "ಕೋಣೆ ಗುಡಿಸೋಳ ಹತ್ರ ಇಸ್ಕೊಂಡೆ. ಸೂಜಿಗೂ ಸಾಕ್ಷಿ ತರ್ಬೇಕಾ ಈಗ?"

ಅವಳು ಪೊಟ್ಟಣ ಹರಿದು ಸೂಜಿ ತೆಗೆದಳು. ಇನ್ನೊಂದು ಅಂಗಿಯ ಒಳಗುಂಡಿಯನ್ನು ಬಿಡಿಸಿ, ಎರಡನ್ನೂ ಅವನ ಮುಂದೆ ಹಿಡಿದಳು.

"ಹಾಗಾದ್ರೆ ಇನ್ನೊಂದು ಹೊಲಿದು ತೋರಿಸಿ. ಅಷ್ಟು ಮಾಡಿ, ನಾನು ನಂಬ್ತೀನಿ."

ನಿಜ ಹೇಳಬೇಕೆಂದರೆ, ಅವನು ಹೊಲಿದುಬಿಡಲಿ ಎಂದು ಅವಳ ಜೀವ ಒದ್ದಾಡುತ್ತಿತ್ತು. ಅಡ್ಡಾದಿಡ್ಡಿಯಾಗಿಯಾದರೂ ಸರಿ, ನಾಲ್ಕು ಸಲ ಸೂಜಿ ಚುಚ್ಚಿ ತೆಗೆಯಲಿ. ಮದುವೆಯಾಗಿ ಹನ್ನೊಂದು ದಿನ. ಹನ್ನೆರಡನೆಯ ದಿನವೂ ಹೆಂಡತಿಯಾಗಿಯೇ ಇರಬೇಕೆಂಬ ಆಸೆ ಯಾರಿಗಿರುವುದಿಲ್ಲ?

ಹನ್ನೆರಡು ವರ್ಷ ದಾರ ಮಾರಿದ ಮನುಷ್ಯನಿಗೆ ಸೂಜಿಗೆ ದಾರ ಪೋಣಿಸಲು ಬರಲಿಲ್ಲ. ತುದಿಯನ್ನು ನಾಲಿಗೆಯ ಮೇಲಿಟ್ಟು ಒದ್ದೆ ಮಾಡಿದ, ಕಣ್ಣು ಕಿರಿದು ಮಾಡಿದ, ಕಿಟಕಿಯ ಕಡೆ ತಿರುಗಿದ. ಹೇಗೋ ಪೋಣಿಸಿದ ಮೇಲೆ ಗಂಟು ಹಾಕುವುದನ್ನೇ ಮರೆತು ಸೂಜಿ ಎಳೆದ. ದಾರವೆಲ್ಲ ಬಟ್ಟೆಯನ್ನು ತೂರಿ ಕೈಗೆ ಬಂತು. ಎರಡನೆಯ ಸಲ ಬೆರಳು ಚುಚ್ಚಿಕೊಂಡ. ಬೇರೆ ಯಾವ ದಿನವಾದರೂ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಸಾಕು ಬಿಡಿ" ಎಂದಳು.

ಆಮೇಲೆ, ನೋಡಬಾರದೆಂದು ಅಷ್ಟು ಹೊತ್ತೂ ತಪ್ಪಿಸಿಕೊಂಡಿದ್ದನ್ನು ನೋಡಿದಳು. ನಾಲ್ಕನೆಯ ಗುಂಡಿಯನ್ನು ಉಗುರಿನಿಂದ ಎತ್ತಿ, ಅದರ ಕತ್ತನ್ನು.

ಗುಂಡಿ ಹೊಲಿಯುವುದು ಯಾರಿಗಾದರೂ ಬಂದೀತು. ಅದರ ಕತ್ತು ಕಟ್ಟುವುದು ಕಸುಬಿನವರ ಕೆಲಸ. ಬಟ್ಟೆಗೂ ಗುಂಡಿಗೂ ನಡುವೆ ಚೂರು ಎಡೆ ಬಿಟ್ಟು, ಆ ಎಡೆಯ ದಾರಗಳಿಗೆ ಐದು ಸುತ್ತು ಬಿಗಿದು, ಗಂಟನ್ನು ಒಳಗೆ ಅಡಗಿಸಬೇಕು. ಆಗ ಬಟ್ಟೆ ಹರಿದರೂ ಗುಂಡಿ ಬೀಳುವುದಿಲ್ಲ. ಅಮ್ಮ ಅಕ್ಕನಿಗೆ ಕಲಿಸಿದ್ದು, ಅಕ್ಕ ಅವಳಿಗೆ ಕಲಿಸಿದ್ದು. ಆ ಬೀದಿಯಲ್ಲಿ ಇನ್ನೆಂಟು ಟೈಲರ್‌ಗಳಿದ್ದರೂ ಐದು ಸುತ್ತಿನ ಕತ್ತು ಆ ಒಂದು ಅಂಗಡಿಯದೇ.

ಇಲ್ಲಿ ಐದು ಸುತ್ತು ಇದ್ದವು. ಗಂಟು ಒಳಗೇ ಅಡಗಿತ್ತು. ಎಷ್ಟು ಅವಸರವಿದ್ದರೂ, ಎಂಥ ಗಂಡಾಂತರವಿದ್ದರೂ, ಸುಮ್ಮನೆ ಅಡ್ಡಾದಿಡ್ಡಿ ನಾಲ್ಕು ಹೊಲಿಗೆ ಹಾಕಿ ಬಿಸಾಡಲು ಆ ಕೈಗೆ ಮನಸ್ಸು ಬಂದಿರಲಿಲ್ಲ. ಹಾಗೆ ಬಿಸಾಡಿದ್ದರೆ ಗಂಡನೇ ಹೊಲಿದುಕೊಂಡ ಎಂದು ಅವಳು ನಂಬಿಬಿಡುತ್ತಿದ್ದಳು. ಕೆಟ್ಟದಾಗಿ ಹೊಲಿಯಲು ಬಾರದಿರುವುದೇ ಆ ಕೈಯ ತಪ್ಪು.

ಮತ್ತು ಸುತ್ತುಗಳು ಎಡದಿಂದ ತಿರುಗಿದ್ದವು.

ಅಕ್ಕ ಎಡಚಿ. ಯಾವ ಅಂಗಿ ಯಾರ ಕೈಯದು ಎಂದು ಅಂಗಡಿಯಲ್ಲಿ ಇಬ್ಬರೂ ಗುಂಡಿಯ ಕತ್ತು ನೋಡಿಯೇ ಹೇಳುತ್ತಿದ್ದರು. ಅದು ಅವರಿಬ್ಬರ ಆಟ. ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲದ ಆಟ.

ಗಂಡ ಮೋಸ ಮಾಡಿದ್ದರೆ ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅಳಬಹುದಿತ್ತು. ಈಗ ಅಳುವುದಕ್ಕೂ ಜಾಗ ಉಳಿಯಲಿಲ್ಲ. ಅವಳು ಮಂಚದ ತುದಿಯಲ್ಲಿ ಕುಳಿತಳು. ಅಕ್ಕನ ಮೇಲೆ ಸಿಟ್ಟು ಬರಲಿಲ್ಲ, ಇನ್ನೂ ಇಲ್ಲ. ನಾಚಿಕೆಯಾಯಿತು. ತಾನು ಎಂಥ ಬೆಪ್ಪು ಎಂದು.

"ಅಕ್ಕ ಇಲ್ಲಿಗೆ ಬಂದಿದ್ದಳಾ?"

ಅವನು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದ.

"ಮೊನ್ನೆ ಮಧ್ಯಾಹ್ನ ನಾನು ನಿದ್ದೆ ಮಾಡಿದಾಗ ಬಂದಿದ್ದಳಾ?"

ಹಗಲುನಿದ್ದೆ ಅವಳ ಜನ್ಮದಲ್ಲೇ ಇಲ್ಲ. ಅಂಗಡಿಯಲ್ಲಿ ಮಧ್ಯಾಹ್ನವೇ ಕೆಲಸ ಜಾಸ್ತಿ. ಮೊನ್ನೆ ಮಾತ್ರ, ಊಟವಾದ ಮೇಲೆ ಅವನು ಕೈಯಾರೆ ತಂದುಕೊಟ್ಟ ಹಣ್ಣಿನ ರಸ ಕುಡಿದು ಕೊರಡಿನಂತೆ ಬಿದ್ದುಕೊಂಡಿದ್ದಳು. ಅದೂ ಅರ್ಧ ಲೋಟ. ವಿಪರೀತ ಸಿಹಿ ಎಂದು ಉಳಿದರ್ಧವನ್ನು ಅವನು ಕಾಣದ ಹಾಗೆ ಕಿಟಕಿಯಿಂದ ನೀರಿಗೆ ಚೆಲ್ಲಿದ್ದಳು. "ಪೂರ್ತಿ ಕುಡಿದ್ಯಾ?" ಎಂದು ಅವನು ಎರಡು ಸಲ ಕೇಳಿದ್ದ. ಎಷ್ಟು ಕಾಳಜಿ ಎಂದು ಆಗ ಹಿಗ್ಗಿದ್ದಳು.

ಎಚ್ಚರವಾದಾಗ ನಾಲ್ಕೂವರೆ. ಗಂಡ ಪಕ್ಕದಲ್ಲೇ ಮಲಗಿದ್ದ. ಮಾರನೆಯ ದಿನ ಇನ್‌ಸ್ಪೆಕ್ಟರ್ ಕೇಳಿದಾಗ, 'ಎರಡರಿಂದ ನಾಲ್ಕರವರೆಗೆ ಇಬ್ಬರೂ ಕೋಣೆಯಲ್ಲೇ ಇದ್ದೆವು' ಎಂದು ಬರೆದು ಸಹಿ ಹಾಕಿದ್ದಳು. ಅವನು ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಬರೆದಿದ್ದಳು. ಗಂಡನ ಮೇಲೆ ಯಾಕೆ ಸುಮ್ಮನೆ ಸಂಶಯ ಬರಬೇಕು ಎಂದು.

ಆ ಒಂದು ಸಾಲಿನ ಬಲದ ಮೇಲೆ ಅಂಬಿಗ ಈಗ ಕಂಬಿ ಎಣಿಸಲು ಹೊರಟಿದ್ದ.

"ನಾನೇನೂ ಮಾಡಲಿಲ್ಲ ಕಣೇ" ಎಂದ ಗಂಡ ಕಡೆಗೆ. ದನಿ ಕುಗ್ಗಿತ್ತು. "ಆ ಫೋಟೋದವನೇ ನನ್ನ ಅಂಗಿ ಹಿಡ್ಕೊಂಡ. ಆ ಹುಡುಗಿಗೆ ಹೇಳೇ ಹೇಳ್ತೀನಿ ಅಂದ."

"ಏನು ಹೇಳ್ತೀನಿ ಅಂದ?"

ಉತ್ತರ ಅವಳಿಗೆ ಬೇಕಾಗಿಯೂ ಇರಲಿಲ್ಲ. ದ್ವೀಪಕ್ಕೆ ಬಂದ ದಿನ ಉಯ್ಯಾಲೆಯ ಬಳಿ ಫೋಟೋ ತೆಗೆಯಲು ಬಂದವನು ಗಂಡನ ಮುಖವನ್ನೇ ನೋಡಿ, "ಸಾರ್, ನೀವು ಹೋದ ವರ್ಷನೂ ಬಂದಿದ್ರಿ ಅಲ್ವಾ?" ಎಂದಿದ್ದ. ಗಂಡ ನಗೆಯಲ್ಲಿ ತೇಲಿಸಿದ್ದ. ಮೂರು ದಿನ ಕಳೆದ ಮೇಲೆ ಆ ಫೋಟೋಗ್ರಾಫರ್ ಅವಳನ್ನು ಒಂಟಿಯಾಗಿ ಕಂಡು, "ಮೇಡಂ, ನಾಳೆ ಸಂಜೆ ಸ್ಟುಡಿಯೋಗೆ ಬನ್ನಿ, ಒಬ್ರೇ ಬನ್ನಿ. ಒಂದು ಹಳೇ ಫೋಟೋ ತೋರಿಸ್ಬೇಕು" ಎಂದಿದ್ದ. ಅದನ್ನು ಆ ದಿನವೇ ಗಂಡನಿಗೆ, ನಗುನಗುತ್ತಾ, ತಮಾಷೆಯಾಗಿ ಹೇಳಿದವಳು ಅವಳೇ. ಮಾರನೆಯ ದಿನದ ಸಂಜೆಯನ್ನು ಫೋಟೋಗ್ರಾಫರ್ ನೋಡಲಿಲ್ಲ.

ಹೋದ ವರ್ಷ ಅಕ್ಕ ಹೊಸ ಮಷೀನಿನ ತರಬೇತಿಗೆಂದು ಹತ್ತು ದಿನ ಹೋಗಿದ್ದಳು. ಬಂದಾಗ ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತ್ತು. "ತರಬೇತಿ ಕೊಟ್ಟೋರು ಬಿಸಿಲಲ್ಲಿ ಕೂರಿಸಿದ್ರಾ?" ಎಂದು ತಂಗಿ ಚುಡಾಯಿಸಿದ್ದಳು.

"ಹಾಗಿದ್ರೆ ನನ್ನನ್ನ ಯಾಕೆ ಕಟ್ಕೊಂಡ್ರಿ? ಅವಳನ್ನೇ ಕಟ್ಕೋಬಹುದಿತ್ತಲ್ಲ. ಅದೂ ಇದೇ ದ್ವೀಪಕ್ಕೇ ಕರ್ಕೊಂಡು ಬರ್ಬೇಕಿತ್ತಾ?"

ಅವನು ಮೊದಲ ಸಲ ಅವಳ ಕಣ್ಣು ನೋಡಿ ಮಾತಾಡಿದ.

"ನಿನ್ನನ್ನ ಇಲ್ಲಿಗೆ ಕರ್ಕೊಂಡು ಬರೋಣ ಅಂದಿದ್ದು ನಾನಲ್ಲ."

ಅದು ಸುಳ್ಳಲ್ಲ ಎಂದು ಅವಳಿಗೆ ಅನ್ನಿಸಿತು. ಅದಕ್ಕೇ ಭಯವಾಯಿತು.

ಹೊರಗೆ ಲಾಂಚಿನ ಮೊದಲ ಗಂಟೆ ಹೊಡೆಯಿತು. ಅವನು ಕೈಚಾಚಿದ. "ಅಂಗಿ ಕೊಡು. ಕೊಟ್ಟುಬಿಡು ಇಲ್ಲಿ." ಅವಳು ಅಂಗಿಯನ್ನು ಕೈಚೀಲಕ್ಕೆ ತುರುಕಿ ಬಾಗಿಲು ದಾಟಿದಳು. ಹಿಂದೆ ಅವನ ಹೆಜ್ಜೆಗಳು ಓಡಿಬಂದವು. ಆದರೆ ಸೇತುವೆಯ ಮೇಲೆ ಬೇರೆ ಜೋಡಿಗಳು ಅಡ್ಡಾಡುತ್ತಿದ್ದವು, ಜನರ ನಡುವೆ ಅವನ ಕೈ ಮೇಲೇಳಲಿಲ್ಲ.

ದೋಣಿಕಟ್ಟೆಯ ತುದಿಯಲ್ಲಿ ಇನ್‌ಸ್ಪೆಕ್ಟರ್ ನಿಂತಿದ್ದರು. ನೀರು ಕಂಡರೇ ಹೊಟ್ಟೆ ತೊಳಸುವ ಮನುಷ್ಯ. ಬಾಯಲ್ಲಿ ಶುಂಠಿಯ ಪೆಪ್ಪರಮೆಂಟು. ಪಕ್ಕದಲ್ಲಿ ಕೋಳ ತೊಟ್ಟ ಅಂಬಿಗ ನೆಲ ನೋಡುತ್ತ ಕೂತಿದ್ದ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂಥ ಆಸಾಮಿ ಅವನು. ರೆಸಾರ್ಟಿನಲ್ಲಿ ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು.

"ಸರ್, ಇವನೇ ಅಂತ ನಿಮಗೆ ಖಾತ್ರಿನಾ?" ಓಡಿಬಂದ ಉಸಿರಲ್ಲೇ ಅವಳು ಕೇಳಿದಳು.

"ಎರಡರಿಂದ ನಾಲ್ಕರವರೆಗೆ ಎಲ್ಲಿದ್ದೆ ಅಂತ ಹತ್ತು ಸಲ ಕೇಳಿದೆ ತಾಯಿ. ಹೇಳೋದಿಲ್ಲ ಅಂತಾನೆ. ಕಡಲಲ್ಲಿದ್ದೆ ಅಂತ ಸುಳ್ಳಾದ್ರೂ ಹೇಳೋ ಅಂದೆ. ಅದೂ ಇಲ್ಲ. ತಪ್ಪಿಲ್ಲದವನಿಗೆ ಬಾಯಿ ಬಿಡೋಕೇನು ಕಷ್ಟ?"

"ಸರ್, ನಾನು ಬರೆದುಕೊಟ್ಟಿದ್ದೀನಲ್ಲ, ಆ ಹೇಳಿಕೆ..."

ಲಾಂಚು ಕಟ್ಟೆಗೆ ತಾಗಿತು. ಹಗ್ಗ ಬಿಗಿಯುವ ಮೊದಲೇ ಒಬ್ಬಳು ಹೆಂಗಸು ಜಿಗಿದಿಳಿದು, ಎರಡೂ ತೋಳು ಚಾಚಿ ಓಡಿಬಂದಳು. ಅಕ್ಕ.

"ಪುಟ್ಟೀ, ನಿನ್ನ ಗಂಡ ಫೋನ್ ಮಾಡಿದಾಗಿಂದ ನನ್ನ ಜೀವ ಜೀವದಲ್ಲಿಲ್ಲ ಕಣೇ. ಸಿಕ್ಕ ಬಸ್ ಹತ್ಕೊಂಡು ಬಂದೆ." ಅವಳನ್ನು ಬಿಗಿಯಾಗಿ ಅಪ್ಪಿಕೊಂಡು ಅಕ್ಕ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ತಾಯಿಯಿಲ್ಲದ ಹುಡುಗಿ ಸಾರ್. ನಾನೇ ಸಾಕಿದ್ದು. ಜನ್ಮದಲ್ಲಿ ಸಮುದ್ರ ನೋಡಿರಲಿಲ್ಲ ನಾನು. ಇವಳಿಗೋಸ್ಕರ ಕಣ್ಣುಮುಚ್ಚಿಕೊಂಡು ದೋಣಿ ಹತ್ತಿದೆ."

ಅಕ್ಕನ ಮೈಯಲ್ಲಿ ಮಷೀನಿನ ಎಣ್ಣೆಯ ವಾಸನೆಯಿತ್ತು, ಗುರುತು ಹಾಕುವ ಸೀಮೆಸುಣ್ಣದ ವಾಸನೆಯಿತ್ತು. ಒಂದು ಗಳಿಗೆ ತಂಗಿಯ ಮನಸ್ಸು ನೀರಾಯಿತು. ಈಗ ತಾನೇ ಬರುತ್ತಿದ್ದಾಳಲ್ಲ, ಅದೂ ಎಲ್ಲರ ಕಣ್ಣೆದುರಿಗೆ. ನಾನೇ ತಪ್ಪು ತಿಳಿದೆನೇ? ತಪ್ಪು ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಅಕ್ಕನ ಹೆಗಲಿಗೆ ಮುಖ ಒತ್ತಿದಳು.

"ಹೇಳಿಕೆ ಕೊಟ್ಟಾಯ್ತಲ್ಲ, ಇನ್ನೇನು ಮತ್ತೆ ಕೆದಕೋದು" ಎಂದು ಅಕ್ಕ ಬೆನ್ನು ಸವರಿದಳು. "ಬಾ, ಒಳಗೆ ಹೋಗೋಣ."

ಹೇಳಿಕೆಯ ವಿಷಯವನ್ನು ಅವಳು ಅಕ್ಕನಿಗೆ ಹೇಳಿರಲಿಲ್ಲ. ಅವಳು ನಿಧಾನವಾಗಿ ತಲೆಯೆತ್ತಿದಳು.

ಇನ್‌ಸ್ಪೆಕ್ಟರ್ ಪೆಪ್ಪರಮೆಂಟನ್ನು ಇನ್ನೊಂದು ದವಡೆಗೆ ತಳ್ಳಿ, ಮನಸ್ಸು ಗಟ್ಟಿ ಮಾಡಿಕೊಂಡು, ಒಂದು ಕಾಲನ್ನು ಲಾಂಚಿನೊಳಗೆ ಇಟ್ಟರು. "ಏಳಪ್ಪ" ಎಂದರು ಅಂಬಿಗನಿಗೆ.

ಅಂಬಿಗ ಎದ್ದ. ಎದ್ದವನ ಕಣ್ಣು ಅಕ್ಕನ ಮೇಲೆ ಬಿತ್ತು. ಎರಡು ದಿನದಿಂದ ಕಲ್ಲಾಗಿದ್ದ ಮುಖದಲ್ಲಿ ಗುರುತು ಸಿಕ್ಕ ನಗೆ ಮೂಡಿತು.

"ಅಮ್ಮಾವ್ರೇ, ಬಂದ್ರಾ? ಮೊನ್ನೆ ನಿಮ್ಮ ಕೊಡೆ ನನ್ನ ದೋಣೀಲೇ ಉಳಿದ್ಹೋಯ್ತು. ತೆಗೆದಿಟ್ಟಿದ್ದೀನಿ." ಕೋಳದ ಕೈಯೆತ್ತಿ ತಂಗಿಯ ಕಡೆ ತೋರಿಸಿದ. "ಇವರಿಗೆ ಅಚ್ಚರಿ ಕೊಡ್ಬೇಕು, ನೀನು ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು, ನಾಲ್ಕು ಗಂಟೆವರೆಗೂ ದ್ವೀಪದ ಹಿಂದಿನ ದಡದಲ್ಲಿ ಕಾದಿದ್ದು ಯಾರಿಗೂ ಹೇಳಬೇಡ ಅಂದಿದ್ರಲ್ಲ. ಹೊಡೆದ್ರೂ ಹೇಳಿಲ್ಲ ನಾನು. ಈಗ ನೀವೇ ಬಂದ್ರಲ್ಲ, ಹೇಳ್ಬಿಡಿ ಇವರಿಗೆ."

ಇನ್‌ಸ್ಪೆಕ್ಟರ್ ಲಾಂಚಿನಲ್ಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಸಮುದ್ರ ನೋಡ್ತಿರೋದೇ ಮೊದಲು ಅಂದ್ರಲ್ಲಮ್ಮ?"

ಅಕ್ಕ ಅವರ ಕಡೆ ನೋಡಲಿಲ್ಲ. ಅವಳ ಎಡಗೈ ತಂಗಿಯ ಮಣಿಕಟ್ಟನ್ನು, ಚೀಲ ಹಿಡಿದ ಕೈಯ ಮಣಿಕಟ್ಟನ್ನೇ, ಬಿಗಿಯಾಗಿ ಹಿಡಿದಿತ್ತು. ಚೀಲದ ಬಾಯಿಂದ ತಿಳಿನೀಲಿ ಬಟ್ಟೆಯ ತುದಿ ಇಣುಕುತ್ತಿತ್ತು.

"ಕೈ ಬಿಡಕ್ಕ" ಎಂದಳು ಅವಳು.

ಅಕ್ಕ ಬಿಡಲಿಲ್ಲ. ಬಾಗಿ, ಚಿಕ್ಕಂದಿನಲ್ಲಿ ಅವಳನ್ನು ತಟ್ಟಿ ಮಲಗಿಸುತ್ತಿದ್ದ ಅದೇ ಮೆತ್ತನೆಯ ದನಿಯಲ್ಲಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು:

"ಆ ರಸವನ್ನ ನೀನು ಪೂರ್ತಿ ಕುಡಿದುಬಿಡಬೇಕಿತ್ತು, ಪುಟ್ಟಿ."